ಬೆರಳು ಸೋಕಿದ ಟೈಂಟೇಬಲ್

ಭೂಗೋಳದ ಮೇಷ್ಟ್ರ ಹಳೆಯ ಲ್ಯಾಪ್‌ಟಾಪಿಗೆ ಟಚ್‌ಪ್ಯಾಡಿನ ಕೆಳಗೆ ಎರಡು ಗಟ್ಟಿ ಗುಂಡಿಗಳಿದ್ದವು. ಒತ್ತಿದರೆ ಟಕ್ ಎನ್ನುತ್ತಿದ್ದವು, ಒತ್ತದಿದ್ದರೆ ತೆಪ್ಪಗಿರುತ್ತಿದ್ದವು. ಹನ್ನೊಂದು ವರ್ಷ ಶಾಲೆಯ ಟೈಂಟೇಬಲ್ಲನ್ನು ಅವರು ಅದರಲ್ಲೇ ಮಾಡಿದ್ದರು. ಮೊನ್ನೆ ಅದು ಕಣ್ಣು ಮುಚ್ಚಿತು. ಶಾಲೆ ಕೊಟ್ಟ ಹೊಸದಕ್ಕೆ ಗುಂಡಿಯೇ ಇಲ್ಲ, ನುಣ್ಣನೆಯ ಒಂದು ಚೌಕ ಅಷ್ಟೆ. ಮುಟ್ಟಿದರೆ ಮುನಿ ಗಿಡವಾದರೂ ಮುದುಡಿಕೊಂಡು ಸುಮ್ಮನಾಗುತ್ತದೆ. ಇದು ಸುಮ್ಮನಾಗುವ ಜಾತಿಯದಲ್ಲ.

ನಾಲ್ಕು ಗಂಟೆಯೊಳಗೆ ಹೊಸ ಟೈಂಟೇಬಲ್ ಎಲ್ಲರ ಫೋನಿಗೂ ಹೋಗಬೇಕೆಂದು ಹೆಡ್ಮಾಸ್ಟರ ಕಟ್ಟಪ್ಪಣೆ. ಅವರು ಬಾಗಿಲಲ್ಲಿ ನಿಂತರೆ ಸ್ಟಾಫ್ ರೂಮಿನ ಫ್ಯಾನು ಕೂಡ ಸದ್ದು ತಗ್ಗಿಸುತ್ತಿತ್ತು.

ಮೇಷ್ಟ್ರು ಎರಡು ಬೆರಳಿಟ್ಟು ಕೆಳಗೆಳೆದರು. ಪುಟ ಮೇಲಕ್ಕೆ ಹೋಯಿತು. ಮೇಲಕ್ಕೆ ತಳ್ಳಿದರು. ಕೆಳಗಿಳಿಯಿತು.

"ಇದಕ್ಕೆ ಉತ್ತರ ದಕ್ಷಿಣಾನೇ ಗೊತ್ತಿಲ್ವಲ್ರೀ!"

ಪಕ್ಕದ ಮೇಜಿನ ಗಣಿತದ ಮೇಡಂ ಎದ್ದು ಬಂದರು. "ಅಷ್ಟು ಒತ್ತಬೇಡಿ ಸಾರ್. ಮಗು ಕೆನ್ನೆ ಮುಟ್ಟೋ ಹಾಗೆ ಮುಟ್ಟಿ. ಹಾಗೇ ನನ್ನ ಶನಿವಾರದ ಕೊನೇ ಪೀರಿಯಡ್ಡೂ ತೆಗೆದುಬಿಡಿ."

ಮೇಷ್ಟ್ರು ಹಾಗೆಯೇ ಮುಟ್ಟಿದರು. ಒಂಬತ್ತನೇ ತರಗತಿಯ ಗಣಿತ ಬೆರಳಿಗೆ ಅಂಟಿಕೊಂಡು, ಕೈ ಎತ್ತಿದರೂ ಬಿಡದೆ, ಊಟದ ವಿರಾಮದೊಳಗೆ ಹೋಗಿ ಕೂತಿತು.

"ಅಯ್ಯೋ, ನಾನು ಊಟ ಯಾವಾಗ ಮಾಡ್ಲಿ?"

"ಜರುಗಿ ಮೇಡಂ," ಎಂದು ಡ್ರಿಲ್ ಮೇಷ್ಟ್ರು ನುಗ್ಗಿದರು. "ಒಂದು ಬೆರಳಲ್ಲಿ ಏನಾಗುತ್ತೆ? ಮೂರು ಇಡಿ!"

ಮೂರು ಇಟ್ಟರು. ಟೈಂಟೇಬಲ್ಲೇ ಮಾಯ.

"ನಾಲ್ಕು ಇಡಿ!"

ಲ್ಯಾಪ್‌ಟಾಪಿನಲ್ಲಿ ತೆರೆದಿದ್ದುದೆಲ್ಲ ಸಂತೆಯ ಹಾಗೆ ಹರಡಿಕೊಂಡಿತು. ಅದರಲ್ಲಿ ಮೇಷ್ಟ್ರು ಬೆಳಿಗ್ಗೆ ಗುಟ್ಟಾಗಿ ಓದುತ್ತಿದ್ದ 'ಬೋಳು ತಲೆಗೆ ಐದು ಉಪಾಯ'ವೂ ಇತ್ತು. ಇಡೀ ಸ್ಟಾಫ್ ರೂಮು ಅದನ್ನು ಶ್ರದ್ಧೆಯಿಂದ ಓದಿತು.

"ಧೂಳು ಕೂತಿರುತ್ತೆ ಸಾರ್," ಎಂದು ಲೈಬ್ರರಿಯವರು ಅಂಗೈಯಿಂದ ಚೌಕವನ್ನು ಒರೆಸಿಯೇಬಿಟ್ಟರು. ಟೈಂಟೇಬಲ್ ಮರಳಿ ಬಂತು, ಆದರೆ 'ಗಣಿತ'ದ 'ಗ' ಹಿಗ್ಗಿ ಹಿಗ್ಗಿ ಪರದೆಯ ತುಂಬ ನಿಂತಿತು.

ಅಂತೂ ಎಲ್ಲವನ್ನೂ ಸರಿಪಡಿಸುವಾಗ ನಾಲ್ಕಕ್ಕೆ ಎರಡೇ ನಿಮಿಷ. ಮೇಷ್ಟ್ರು ನಿಟ್ಟುಸಿರು ಬಿಟ್ಟು ಕೈ ಎತ್ತಿದರು. ಹೆಬ್ಬೆರಳು ಸೋಕಿತು. ಪುಟದ ತುದಿಯಲ್ಲಿ ಗಂಭೀರವಾಗಿ ಕೂತಿದ್ದ ಹೆಡ್ಮಾಸ್ಟರ ಹೆಸರು ಜಾರಿ, ಶನಿವಾರದ ಡ್ರಿಲ್ ಪೀರಿಯಡ್ಡಿನೊಳಗೆ ಬಿತ್ತು. ಎತ್ತಲು ಹೋದರೆ 'ಕಳುಹಿಸಲಾಗಿದೆ' ಎಂದಿತು ಪರದೆ.

"ಹನ್ನೆರಡು ವರ್ಷದಿಂದ ಒಂದು ಕ್ಲಾಸೂ ತಗೊಳ್ಳದವರು," ಡ್ರಿಲ್ ಮೇಷ್ಟ್ರು ಪಿಸುಗುಟ್ಟಿದರು. "ಅವ್ರಿಗೆ ಡ್ರಿಲ್ಲಾ?"

ಜವಾನ ಬಾಗಿಲಲ್ಲಿ ಇಣುಕಿದ. "ಭೂಗೋಳದ ಮೇಷ್ಟ್ರು ಬರಬೇಕಂತೆ. ಈಗಲೇ."

ಮೇಷ್ಟ್ರು ದಾರಿಯುದ್ದಕ್ಕೂ ಕ್ಷಮಾಪಣೆಯನ್ನು ಬಾಯಿಪಾಠ ಮಾಡುತ್ತ ಹೋದರು. ಒಳಗೆ ಹೆಡ್ಮಾಸ್ಟರು ಕೋಟು ಬಿಚ್ಚಿ, ಕೊರಳಿಗೆ ಸೀಟಿ ಹಾಕಿಕೊಂಡು ನಿಂತಿದ್ದರು.

"ಸಾರ್, ಅದು ಬೆರಳು..."

"ಏನೂ ಹೇಳ್ಬೇಡಿ!" ಹೆಡ್ಮಾಸ್ಟರು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. "ನಾನೂ ಒಬ್ಬ ಮೇಷ್ಟ್ರು ಅನ್ನೋದು ನಿಮಗೊಬ್ರಿಗೆ ನೆನಪಿದೆ. ಸಹಿ ಹಾಕಿ ಹಾಕಿ ತುಕ್ಕು ಹಿಡಿದಿದೀನಿ ಕಣ್ರೀ. ಡ್ರಿಲ್ ಇರೋ ದಿನ ಬೆಳಿಗ್ಗೆ ಐದೂವರೆಗೆ ಮೈದಾನಕ್ಕೆ ಬಂದ್ಬಿಡಿ. ಇಬ್ರೂ ಹತ್ತು ಸುತ್ತು ಓಡೋಣ!"

ಮಹಡಿ ಹತ್ತಿದರೇ ಏದುಸಿರು ಬಿಡುವ ಮೇಷ್ಟ್ರಿಗೆ ಭೂಮಿ ತುಸು ಜೋರಾಗಿಯೇ ತಿರುಗಿದಂತಾಯಿತು.

"ವಾರಕ್ಕೊಂದೇ ದಿನ ಅಲ್ವಾ ಸಾರ್," ಎಂದು ಸ್ಟಾಫ್ ರೂಮಿಗೆ ಮರಳಿದ ಮೇಷ್ಟ್ರಿಗೆ ಗಣಿತದ ಮೇಡಂ ಸಮಾಧಾನ ಹೇಳಿದರು.

"ಒಂದೂ ಬೇಡ ತಾಯಿ. ಮೆಲ್ಲಗೆ ಅಳಿಸಿಬಿಡ್ತೀನಿ."

ಉಸಿರು ಬಿಗಿಹಿಡಿದು, ಬೆರಳ ತುದಿಯಿಂದ ಟೈಂಟೇಬಲ್ಲಿನ ಶನಿವಾರದ ಮನೆಯ ಮೂಲೆಯನ್ನು ಮುಟ್ಟಿದರು. ಅದು ಹಿಡಿದುಕೊಂಡಿತು. ಗಾಬರಿಯಲ್ಲಿ ಕೈ ಎಳೆದುಕೊಂಡರು. ಹೆಡ್ಮಾಸ್ಟರ ಡ್ರಿಲ್ಲು ಶುಕ್ರವಾರಕ್ಕೆ, ಗುರುವಾರಕ್ಕೆ, ಬುಧವಾರಕ್ಕೆ ಚೆಲ್ಲಿದ ಶಾಯಿಯಂತೆ ಹರಡುತ್ತ ಸೋಮವಾರವನ್ನು ಮುಟ್ಟಿ ನಿಂತಿತು. ಪರದೆ ಮತ್ತೆ 'ಕಳುಹಿಸಲಾಗಿದೆ' ಎಂದಿತು, ಎಲ್ಲರ ಫೋನುಗಳೂ ಒಟ್ಟಿಗೆ ಗುಂಯ್ ಎಂದವು.

ಆಮೇಲೆ ಕಾರಿಡಾರಿನಲ್ಲಿ ಸೀಟಿಯ ಸದ್ದು, ಸಂಭ್ರಮದಿಂದ ಊದುತ್ತ ಊದುತ್ತ, ಸ್ಟಾಫ್ ರೂಮಿನ ಕಡೆಗೇ ಓಡಿ ಬರತೊಡಗಿತು.