ನಮ್ಮ ಕಾರಿಗೆ ಆಕ್ಸಿಜನ್ ಪರೀಕ್ಷೆ

ಮನೆಯಲ್ಲಿ ಒಬ್ಬರಿಗೆ ವಯಸ್ಸಾಯಿತೆಂದರೆ ಉಳಿದವರೆಲ್ಲ ವೈದ್ಯರಾಗಿಬಿಡುತ್ತಾರೆ. ಕಾರಿಗೆ ವಯಸ್ಸಾದರೂ ಅಷ್ಟೇ. ರಾಮನಗರದ ನಮ್ಮ ಬೀದಿಯಲ್ಲಿ ನನ್ನ ಕಾರಿಗೆ ಔಷಧಿ ಹೇಳದವರಿಲ್ಲ. ಹಾಲು ಹಾಕುವವನು ಪೆಟ್ರೋಲ್ ಬಂಕ್ ಬದಲಾಯಿಸಿ ಎಂದ. ಎದುರು ಮನೆಯ ಮೇಷ್ಟ್ರು ನಿಂಬೆಹಣ್ಣು ಕಟ್ಟಿ ಎಂದರು; ಅವರು ವಿಜ್ಞಾನದ ಮೇಷ್ಟ್ರು. ನಮ್ಮ ಯಜಮಾನರದು ಮಾತ್ರ ಒಂದೇ ಔಷಧಿ: "ಗುಜರಿಗೆ ಹಾಕು."

ಆ ಕಾರು ನಮ್ಮಪ್ಪನದು. ವಿದೇಶದಿಂದ ಬಂದವರೊಬ್ಬರ ಹತ್ತಿರ ಅಪ್ಪ ಆಸೆಪಟ್ಟು ಕೊಂಡಿದ್ದು. ಅಪ್ಪ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂತು. ಗೇರಿನ ಹಿಡಿ ಇವತ್ತಿಗೂ ಅವರ ಅಂಗೈ ಉಜ್ಜಿದ ಕಡೆಯೇ ನುಣ್ಣಗಿದೆ. ಪಾಪ, ಎರಡು ಕಾಲಗಳ ನಡುವೆ ಹುಟ್ಟಿದ ಕಾರು. ಪೆಟ್ರೋಲಿಗೆ ಗಾಳಿ ಬೆರೆಸುವುದಕ್ಕೆ ಹಳೆಯ ಕಾಲದ ಕಾರ್ಬುರೇಟರ್. ಆ ಬೆರಕೆ ಹದವಾಗಿದೆಯೇ ಎಂದು ಹೊಗೆ ಮೂಸಿ ನೋಡಿ ಚಾಡಿ ಹೇಳುವುದಕ್ಕೆ ಹೊಸ ಕಾಲದ ಆಕ್ಸಿಜನ್ ಸೆನ್ಸಾರ್. ಒಂದೇ ಅಡುಗೆಮನೆಯಲ್ಲಿ ಅತ್ತೆಯೂ ಸೊಸೆಯೂ ಇದ್ದ ಹಾಗೆ. ಈ ವಿಷಯದಲ್ಲಿ ನನಗೆ ಅನುಭವವಿದೆ.

ಇಂಥ ಕಾರು ಹೊಗೆ ತಪಾಸಣೆಯಲ್ಲಿ ಫೇಲಾಯಿತು. ಕರಿಹೊಗೆ. ಮೆಕ್ಯಾನಿಕ್ ಬಾನೆಟ್ಟನ್ನೂ ಎತ್ತದೆ, "ಸೆನ್ಸಾರ್ ಹೋಗೈತೆ ಮೇಡಂ. ಇದ್ರುದ್ದು ಇನ್ನೆಲ್ಲೂ ಸಿಕ್ಕಲ್ಲ" ಎಂದು ಕೈ ಒರೆಸಿಕೊಂಡ. ಯಜಮಾನರಿಗೆ ಅಷ್ಟೇ ಸಾಕಾಯಿತು. ಶನಿವಾರ ಬೆಳಿಗ್ಗೆ ಬಂದು ಒಯ್ಯುವಂತೆ ಗುಜರಿಯವನಿಗೆ ಹೇಳಿಬಿಟ್ಟರು. ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. "ಹೋಗಿದೆ ಅಂತ ಅಳೆದು ನೋಡಿದ್ದು ಯಾರು?" ಎಂದು ಕೇಳಿದೆ. "ಅದನ್ನೆಲ್ಲ ಅಳೀತಾರೇನೆ?" ಎಂದರು. ಅಳೆಯುತ್ತಾರೆ. ಮನೆಯಲ್ಲಿ ನನ್ನದೊಂದು ಡಿಜಿಟಲ್ ಮಲ್ಟಿಮೀಟರ್ ಇತ್ತು. ಸೆನ್ಸಾರಿನ ವಿಷಯವನ್ನೆಲ್ಲ ಓದಿ, ಶನಿವಾರ ಬೆಳಿಗ್ಗೆಯೇ ಸೀರೆ ಸೆರಗು ಸಿಕ್ಕಿಸಿ ಅಂಗಳಕ್ಕಿಳಿದೆ.

ಅಷ್ಟರಲ್ಲಿ ಗೇಟಿನ ಮುಂದೆ ಆಟೋ ನಿಂತಿತು. ನಮ್ಮತ್ತೆಯ ತಮ್ಮ, ಮರಳವಾಡಿಯ ಪುಟ್ಟಸ್ವಾಮಿ ಮಾವ, ಒಂದು ಕೈಯಲ್ಲಿ ಎಳನೀರಿನ ಗೊಂಚಲು, ಇನ್ನೊಂದು ಕೈಯಲ್ಲಿ ಬ್ರೆಡ್ಡು ಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು ಇಳಿದರು. ಕುರಿಗಳನ್ನು ಪಕ್ಕದ ಹೊಲದವರಿಗೆ ಒಪ್ಪಿಸಿ ಓಡಿ ಬಂದಿದ್ದರು.

"ಎಲ್ಲವ್ವಾ ಅವ್ನು? ಇನ್ನೂ ಜೀವ ಐತಾ?"

ಜಗುಲಿಯ ಮೇಲೆ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆಯೆತ್ತಿ, "ಬಾ ಮಾವ, ಕಾಫಿ ಕುಡಿ" ಎಂದರು. ಮಾವ ಅಲ್ಲೇ ಕುಸಿದು ಕುಳಿತರು. ವಿಚಾರಿಸಿದಾಗ ತಿಳಿಯಿತು: ಹಿಂದಿನ ದಿನ ನಮ್ಮತ್ತೆ ಫೋನಿನಲ್ಲಿ, "ಆಕ್ಸಿಜನ್ನೇ ಹೋಗ್ಬುಟ್ಟೈತಂತೆ ಕಣ್ಲಾ. ಇನ್ನು ಉಳ್ಸ್ಕಳಕಾಗಲ್ವಂತೆ, ಶನಿವಾರ ಸಾಗಾಕ್ತಾರಂತೆ" ಎಂದಿದ್ದರು. ಯಾರಿಗೆ ಎಂದು ಹೇಳುವುದನ್ನು ಮರೆತಿದ್ದರು.

"ನಾನು ಕಾರಿನ ವಿಸ್ಯ ಹೇಳ್ದೆ. ನೀನು ಮನ್ಸನ್ ವಿಸ್ಯ ಕೇಳುಸ್ಕಂಡ್ರೆ ನಾನೇನ್ ಮಾಡ್ಲಾ?" ಎಂದು ಅತ್ತೆ ತಮ್ಮನ ಮೇಲೆಯೇ ರೇಗಿದರು. ಆದರೆ ಮಾವ ದೊಡ್ಡ ಮನುಷ್ಯ. ರೋಗಿಯನ್ನು ನೋಡಲು ಬಂದವರು ರೋಗಿಯನ್ನು ನೋಡಿಯೇ ಹೋಗಬೇಕೆಂದು ಪಂಚೆ ಎತ್ತಿ ಕಟ್ಟಿ, "ಏನ್ ಮಾಡ್ಬೇಕು ಹೇಳವ್ವ" ಎಂದು ನನ್ನ ಪಕ್ಕ ಬಂದು ನಿಂತರು.

ಇಂಜಿನ್ ಶುರು ಮಾಡಿ ಚೆನ್ನಾಗಿ ಬಿಸಿಯಾಗಲು ಬಿಟ್ಟೆವು; ತಣ್ಣಗಿದ್ದರೆ ಈ ಸೆನ್ಸಾರ್ ಬಾಯಿಬಿಡುವುದಿಲ್ಲ. ಅಷ್ಟರಲ್ಲಿ ಗುಜರಿಯವನು ತನ್ನ ಗಾಡಿ ತಂದು ಗೇಟಿಗೆ ಅಡ್ಡ ನಿಲ್ಲಿಸಿದ. "ನಿಧಾನ್ಕೆ ನೋಡಕ್ಕ, ನಾನ್ ಕಾಯ್ತೀನಿ" ಎಂದು ಬೀಡಿ ಹಚ್ಚಿದ. ಹೆಣ ಸಾಗಿಸಲು ಬಂದವನ ಸಮಾಧಾನ ಅವನದು. ಸೆನ್ಸಾರಿನ ಒಂಟಿ ವೈರಿಗೆ ಮೀಟರಿನ ಕೆಂಪು ತುದಿಯನ್ನು ಕೊಟ್ಟೆ, ಕಪ್ಪು ತುದಿಯನ್ನು ಇಂಜಿನ್ನಿನ ಲೋಹಕ್ಕೆ. ಅಂಕಿ ಮುಕ್ಕಾಲು ವೋಲ್ಟು ದಾಟಿ ಅಲ್ಲೇ ಕೂತಿತು. ಅಲುಗಲಿಲ್ಲ. ಸರಿಯಿದ್ದ ಕಾರಿನಲ್ಲಿ ಅದು ಮೇಲೆ ಕೆಳಗೆ ಕುಣಿಯುತ್ತಿರಬೇಕು.

"ಅಲ್ಲಾಡ್ತಿಲ್ಲ. ಮುಗೀತು ಬಿಡು" ಎಂದರು ಯಜಮಾನರು.

"ಒಸಿ ಸುಮ್ಕಿರ್ಲಾ!" ಎಂದು ಮಾವ ಗದರಿದರು.

ಕಾರ್ಬುರೇಟರಿನ ಕೆಳಗೆ ಗಾಳಿ ಎಳೆಯುವ ಒಂದು ರಬ್ಬರ್ ಕೊಳವೆಯಿತ್ತು. ಕಿತ್ತರೆ ಒಳಗೆ ಗಾಳಿ ಹೆಚ್ಚಾಗುತ್ತದೆ; ಸೆನ್ಸಾರಿಗೆ ಜೀವವಿದ್ದರೆ ಅಂಕಿ ಇಳಿಯಬೇಕು. ಅಪ್ಪನನ್ನು ನೆನೆದು ಅದನ್ನು ಕಿತ್ತೆ. ಬುಸ್ ಎಂದು ಗಾಳಿ ನುಗ್ಗಿತು, ಇಂಜಿನ್ ಕೆಮ್ಮಿತು, ಮೀಟರಿನ ಅಂಕಿ ದಡದಡನೆ ಇಳಿದು ತಳ ಸೇರಿತು. ಕೊಳವೆಯನ್ನು ಸಿಕ್ಕಿಸಿದೆ, ಮೇಲೇರಿತು. ಮತ್ತೆ ಕಿತ್ತೆ, ಮತ್ತೆ ಇಳಿಯಿತು. ಸೆನ್ಸಾರ್ ಸತ್ತಿರಲಿಲ್ಲ! ಪೆಟ್ರೋಲು ಹೆಚ್ಚು, ಗಾಳಿ ಸಾಲದು ಎಂದು ಇಷ್ಟು ದಿನವೂ ಅದು ಕೂಗಿ ಹೇಳುತ್ತಿತ್ತು. ನಿಜ ಹೇಳಿದವರನ್ನೇ ನಾವು ಗುಜರಿಗೆ ಹಾಕಲು ಹೊರಟಿದ್ದೆವು.

ಹಾಗಾದರೆ ಗಾಳಿಯನ್ನು ತಡೆಯುತ್ತಿರುವವರು ಯಾರು? ಏರ್ ಫಿಲ್ಟರಿನ ಮುಚ್ಚಳ ತೆಗೆದೆ. ಒಳಗೆ ಹೊಂಬಣ್ಣದ ಮೆತ್ತನೆಯ ಹಾಸಿಗೆ! ಹಿಂದಿನ ಬೀದಿಯಲ್ಲಿ ರೇಷ್ಮೆ ನೂಲು ತೆಗೆಯುತ್ತಾರೆ. ಅಲ್ಲಿನ ವೇಸ್ಟ್ ರೇಷ್ಮೆಯನ್ನೆಲ್ಲ ಇಲಿಯೊಂದು ಹೊತ್ತು ತಂದು, ಗಾಳಿ ಬರುವ ದಾರಿಯಲ್ಲೇ ಗೂಡು ಕಟ್ಟಿತ್ತು. ಗೂಡಿನ ಯಜಮಾನಿತಿ ಮನೆಯಲ್ಲಿರಲಿಲ್ಲ. "ನಮ್ ಮದ್ವೇಲೂ ಇಷ್ಟು ರೇಸ್ಮೆ ಇರ್ಲಿಲ್ಲ ಕಣವ್ವ" ಎಂದು ಮಾವ ಅದನ್ನು ಸವರಿ ನೋಡಿದರು. ಗೂಡು ತೆಗೆದು, ಅಳತೆಗೆ ಹೊಂದುವ ಹೊಸ ಫಿಲ್ಟರ್ ತರಿಸಿ ಹಾಕಿದೆ. ಮೀಟರಿನ ಅಂಕಿ ಮೇಲೆ ಕೆಳಗೆ, ಮೇಲೆ ಕೆಳಗೆ ಕುಣಿಯತೊಡಗಿತು. ಅದರ ಜೊತೆ ನಾನೂ ಕುಣಿದೆನೆಂದು ಅತ್ತೆ ಹೇಳುತ್ತಾರೆ. ನನಗೆ ನೆನಪಿಲ್ಲ.

ಗುಜರಿಯವನು ಬರಿಗೈಯಲ್ಲಿ ಹೋಗಲಿಲ್ಲ. ಮಾವ ಎಳನೀರು ಕೆತ್ತಿ ಕುಡಿಸಿ ಕಳಿಸಿದರು. ಮಧ್ಯಾಹ್ನ ಹೊಗೆ ತಪಾಸಣೆಯಲ್ಲಿ ಕಾರು ಪಾಸಾಯಿತು. ಸರ್ಟಿಫಿಕೇಟು ಕೈಗೆ ಬಂದಾಗ ಯಜಮಾನರು ಅಲ್ಲಿದ್ದವರಿಗೆಲ್ಲ "ನಾವೇ ಟೆಸ್ಟ್ ಮಾಡಿದ್ವಿ" ಎಂದರು. ಆ ಬಹುವಚನವನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಆಮೇಲೆ ಬೀಗದ ಕೈಯನ್ನು ನನ್ನ ಕೈಗಿಟ್ಟು, "ಮಾವನ್ನ ನೀನೇ ಊರಿಗೆ ಬಿಟ್ಟು ಬಾ" ಎಂದರು.

ಅಪ್ಪನ ಕಾರಿನಲ್ಲಿ ರಾಣಿಯಂತೆ ಮರಳವಾಡಿಗೆ ಹೋದೆ. ದಾರಿಯುದ್ದಕ್ಕೂ ಕರಿಹೊಗೆಯ ಎಳೆಯೂ ಇರಲಿಲ್ಲ. ಮಾವನ ಅಂಗಳದಲ್ಲಿ ಊರೇ ನೆರೆದು, ಕಾಯಿಲೆ ವಾಸಿಯಾದ ಕಾರನ್ನು ತಟ್ಟಿ ನೋಡಿತು. ಕಾಫಿ ಕುಡಿದು ಹೊರಡುವಾಗ ಒಂದು ಸಣ್ಣ ತೊಡಕು ಕಾಣಿಸಿತು. ಮುಂದೆ ಕುರಿಹಟ್ಟಿ, ಪಕ್ಕದಲ್ಲಿ ಹುಲ್ಲಿನ ಮೆದೆ. ನನಗೆ ಕಾರನ್ನು ಮುಂದಕ್ಕೆ ಓಡಿಸಲು ಚೆನ್ನಾಗಿ ಬರುತ್ತದೆ. ಹಿಂದಕ್ಕೆ ಇದುವರೆಗೂ ಕಲಿತಿಲ್ಲ. ಮಾವ ನನ್ನ ಮುಖ ನೋಡಿಯೇ ತಿಳಿದುಕೊಂಡು, "ಬನ್ರಲಾ, ಒಸಿ ಕೈ ಹಾಕಿ" ಎಂದು ಕೂಗಿದರು. ಗೆದ್ದವರನ್ನು ಹೊತ್ತು ಮೆರೆಸುತ್ತಾರೆಂದು ಕೇಳಿದ್ದೆ. ನನಗೆ ಸ್ಟಿಯರಿಂಗ್ ಹಿಡಿಸಿ ಕೂರಿಸಿ, ರಸ್ತೆಯವರೆಗೂ ಹಿಂದುಹಿಂದಕ್ಕೆ ತಳ್ಳಿ ಮೆರೆಸಿದರು.