ಶಾಲೆಯ ಇತಿಹಾಸವನ್ನು ಕೊನೆಯಿಂದ ಓದುವ ಬಗ್ಗೆ

ಕಡಲಬೆಟ್ಟು ಹಿಂದೂ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ
(ಕಟಪಾಡಿಯಿಂದ ಕಾಪುವಿಗೆ ಹೋಗುವಾಗ ಬಲಕ್ಕೆ)

ಸಂಖ್ಯೆ: ಕಹಿಶಾ/ಇತಿ/ಊಟ/೦೭

ವಿಷಯ: ವಾರ್ಷಿಕೋತ್ಸವದಲ್ಲಿ ಶಾಲೆಯ ಇತಿಹಾಸವು ಊಟದೊಳಗೆ ಮುಗಿಯದಿರುವ ಗಂಭೀರ ಪರಿಸ್ಥಿತಿ.

ಉಲ್ಲೇಖ: ಕಳೆದ ಸಲ ತಣ್ಣಗಾದ ಸಾರು.

ಶಾಲೆಯ ಇತಿಹಾಸವನ್ನು ವಾರಿಜಾ ಟೀಚರ್ ಪ್ರತಿ ವರ್ಷ ಓದುತ್ತಾ ಬಂದಿದ್ದಾರೆ. ‘ಹಿಂದೂ ವಿದ್ಯಾರ್ಥಿಗಳಿಗಾಗಿ ಈ ಶಾಲೆಯನ್ನು ಸ್ಥಾಪಿಸಲಾಯಿತು’ ಎಂಬ ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಹಳೆ ವಿದ್ಯಾರ್ಥಿ ಬೂಬಣ್ಣ ಎದ್ದು, ‘ಎಲ್ಲಿ ಅಂತ ಹೇಳಿ ಟೀಚರ್. ನಮ್ಮ ಅಜ್ಜನ ದೋಣಿ ಕೊಟ್ಟಿಗೆಯಲ್ಲಿ ಅಲ್ವಾ?’ ಎನ್ನುವುದೂ, ತಿಲಕಣ್ಣ ಕೂತಲ್ಲಿಂದಲೇ ‘ಎಂತ ದೋಣಿ ಮಾರಾಯ, ಶುರುವಾದದ್ದು ನಮ್ಮ ಜಗಲಿಯಲ್ಲಿ’ ಎನ್ನುವುದೂ, ಈ ಚರ್ಚೆಯ ನಡುವೆ ಊಟದ ಗಂಟೆ ಹೊಡೆಯುವುದೂ ವಾಡಿಕೆಯಾಗಿದೆ. ಪರಿಣಾಮವಾಗಿ ಪರೀಕ್ಷೆಯಲ್ಲಿ ಮಕ್ಕಳು ‘ಶಾಲೆ ಸ್ಥಾಪನೆಯಾಯಿತು, ಅನಂತರ ಊಟವಾಯಿತು’ ಎಂದು ಬರೆಯುತ್ತಿದ್ದು, ಪೂರ್ಣ ಅಂಕ ನೀಡದೆ ವಿಧಿಯಿಲ್ಲವಾಗಿದೆ.

ವಾರಿಜಾ ಟೀಚರ್ ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಇತಿಹಾಸದ ಕೊನೆಯ ಪುಟ ಅವರೇ ಬರೆದದ್ದು. ಮಕ್ಕಳಿಲ್ಲದೆ ಶಾಲೆಗೆ ಬೀಗ ಬೀಳುವುದರಲ್ಲಿದ್ದಾಗ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹುಲಿಗೆವ್ವ ತಮ್ಮ ಮಗಳು ಅಶ್ವಿನಿಯನ್ನೂ, ಶೆಡ್ಡುಗಳಲ್ಲಿದ್ದ ಉಳಿದ ಮಕ್ಕಳನ್ನೂ ಕರೆತಂದು ಸೇರಿಸಿದ ಸಂಗತಿ ಅದರಲ್ಲಿದೆ. ಹುಲಿಗೆವ್ವ ವರ್ಷವರ್ಷವೂ ಹಿಂದಿನ ಬೆಂಚಿನಲ್ಲಿ ಕೂತು, ಉಂಡು, ಕೆಲಸಕ್ಕೆ ಮರಳುತ್ತಾರೆ. ತಾವು ಇತಿಹಾಸದಲ್ಲಿರುವುದು ಅವರಿಗೆ ಗೊತ್ತಿಲ್ಲ. ಅದನ್ನು ಅವರೆದುರು ಓದದೆ ಶಾಲೆ ಬಿಡಲು ಟೀಚರ್‌ಗೆ ಮನಸ್ಸಿಲ್ಲ.

ಆದುದರಿಂದ ಸಂಬಂಧಪಟ್ಟವರಿಗೂ, ಸಂಬಂಧವಿಲ್ಲದೆ ಮಾತಾಡುವವರಿಗೂ ಈ ಮೂಲಕ ಸೂಚಿಸುವುದೇನೆಂದರೆ:

೧. ಇತಿಹಾಸವನ್ನು ಈ ಸಲ ಕೊನೆಯ ಪುಟದಿಂದ ಮೊದಲ ಪುಟದ ಕಡೆಗೆ ಓದತಕ್ಕದ್ದು.

೨. ಸ್ಥಾಪನೆಯ ಪುಟ ಬರುವ ಮೊದಲೇ ಎದ್ದವರನ್ನು ಇನ್ನೂ ಶಾಲೆಗೆ ಸೇರದವರೆಂದು ಪರಿಗಣಿಸಲಾಗುವುದು.

೩. ಸಾಕ್ಷ್ಯಕ್ಕೆಂದು ದೋಣಿಯ ಭಾಗಗಳನ್ನು ಸಭೆಗೆ ತರತಕ್ಕದ್ದಲ್ಲ. ಕಳೆದ ವರ್ಷ ತಂದ ಹುಟ್ಟನ್ನು ಬೂಬಣ್ಣ ಒಯ್ಯಬಹುದು.

೪. ಹಿಂದೂ ಶಾಲೆಯ ಮೊದಲ ಹೆಡ್‌ಮಾಸ್ತರು ಲೂಯಿಸ್ ಮಾಸ್ತರೆಂಬುದನ್ನು ಎಲ್ಲರೂ ಒಪ್ಪಿರುವುದರಿಂದ, ಪ್ರತಿ ವರ್ಷ ಹೊಸದಾಗಿ ಆಶ್ಚರ್ಯಪಡುವ ಅಗತ್ಯವಿರುವುದಿಲ್ಲ.

೫. ತಿದ್ದುಪಡಿಗಳನ್ನು ಬಾಯಲ್ಲಿ ಅನ್ನವಿರುವಾಗ ಮಾತ್ರ ಸಲ್ಲಿಸತಕ್ಕದ್ದು.

ಸಹಿ/-
ಕಾರ್ಯದರ್ಶಿ
ಇತಿಹಾಸ ಮತ್ತು ಊಟೋಪಚಾರ ಉಪಸಮಿತಿ

ಪ್ರತಿಗಳು:
ಬೂಬಣ್ಣ, ಮೀನು ಮಾರುಕಟ್ಟೆ – ಎರಡು (ಒಂದು ಹರಿಯಲು)
ತಿಲಕಣ್ಣ – ಜಗಲಿಯ ವಿಳಾಸಕ್ಕೆ
ಅಡುಗೆಯ ಕಮಲಕ್ಕ – ಗಂಟೆ ಹೊಡೆಯುವ ಮುನ್ನ ಟೀಚರ ಮುಖ ನೋಡಲು ಕೋರಿದೆ
ಕಚೇರಿ ಕಡತ – ಸಿಕ್ಕಿದರೆ

ಷರಾ (ಕಾರ್ಯಕ್ರಮದ ಅನಂತರ ಸೇರಿಸಿದ್ದು): ಕೊನೆಯ ಪುಟವನ್ನು ಓದಲಾಯಿತು. ಹುಲಿಗೆವ್ವ ಎದ್ದು, ‘ಅದು ನನ್ನ ಹೆಸರೇನ್ರಿ ಟೀಚರ? ಇನ್ನೊಮ್ಮೆ ಓದ್ರಿ’ ಎಂದರು. ಓದಲಾಯಿತು. ಆಗ ನಿಯಮ ಮೀರಿ ಬೂಬಣ್ಣನೂ ಎದ್ದು, ‘ಈ ಕಡೆ ಕೇಳಿಸಲಿಲ್ಲ ಟೀಚರ್, ಸ್ವಲ್ಪ ಜೋರಾಗಿ’ ಎಂದರು. ಮತ್ತೆ ಓದುತ್ತಿರುವಾಗ ಗಂಟೆ ಹೊಡೆಯಿತು. ಸಾರು ಬಿಸಿಯಿತ್ತು. ಈ ವರ್ಷ ಶಾಲೆಯ ಸ್ಥಾಪನೆ ಆಗಲಿಲ್ಲ.