ಮಾವನ ಹಸುವೂ ಆಸ್ಪತ್ರೆ ಕಾರ್ಡೂ

ನನ್ನ ಸೋದರಮಾವನಷ್ಟು ಗಟ್ಟಿ ಆಳು ನಮ್ಮೂರು ಉಡಿಗಾಲದಲ್ಲಿ ಇನ್ನೊಬ್ಬರಿರಲಿಲ್ಲ. ಅವರಷ್ಟು ಕಾಯಿಲೆ ಕಂಡವರೂ ಇರಲಿಲ್ಲ! ಗಾಬರಿಯಾಗಬೇಡಿ, ಕಂಡಿದ್ದೆಲ್ಲ ಕನಸಿನಲ್ಲಿ. ಅದೂ ತಮಗೆ ಬಂದದ್ದಲ್ಲ, ಬೇರೆಯವರಿಗೆ! ಮುಂಜಾನೆ ಮಂಜು ಕರಗುವ ಮುಂಚೆ ಜಗುಲಿಯ ಮೇಲೆ ಅರೆಗಣ್ಣು ಮುಚ್ಚಿ ಕೂತು, "ರಾತ್ರಿ ನಿಂಗೆ ಕಾಮಾಲೆ ಆಗಿತ್ತು ಕಣ್ಲಾ. ಮೈಯೆಲ್ಲ ಚೆಂಡುಹೂವಿನ ಹೊಲದಂಗೆ. ನೋಡಕ್ಕೆ ಸಂದಾಗಿದ್ದೆ" ಎನ್ನುತ್ತಿದ್ದರು.

ಮಾವ ರೇಷ್ಮೆ ನೂಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕನಸಿಗೆ ಜಾರಿ, ಕಾರ್ಖಾನೆಯಿದ್ದ ಸಂತೆಮರಹಳ್ಳಿಯಲ್ಲಿ ಇಳಿಯುವುದನ್ನೇ ಮರೆತು, ಮುಂದಿನ ಊರಿಂದ ನಡೆದು ಬರುವುದು ಮಾಮೂಲು. ಅವರು ಮರೆಯದ ವಸ್ತು ಒಂದೇ: ಕಾರ್ಖಾನೆಯ ಆಸ್ಪತ್ರೆ ಕಾರ್ಡು. ಅದರಲ್ಲಿ ಮಾವ, ಅತ್ತೆ, ಮಗ ಕೂತ ಫೋಟೋ. ಮೂವರಿಗೂ ಚಿಕಿತ್ಸೆ ಪುಕ್ಕಟೆ. ಅಪ್ಪ ಹೋದಮೇಲೆ ಸ್ಕೂಲು ಬಿಟ್ಟು ಆ ಮನೆ ಸೇರಿದ ನಾನು ಫೋಟೋದಲ್ಲಿಲ್ಲ. ಅಕ್ಕನ ಮಗನಿಗೆ ಆ ಕಾರ್ಡು ನಡೆಯದು. ನನಗೆ ಬೇಕಾಗಿಯೂ ಇರಲಿಲ್ಲ ಬಿಡಿ! ಗುಂಡ್ಲುಪೇಟೆಯಲ್ಲಿ ಕೇರಳದ ಲಾರಿಗಳಿಗೆ ಈರುಳ್ಳಿ ಮೂಟೆ ಹೊರುವವನು ನಾನು. ಬೆನ್ನು ಹಿಡಿದು ತಿಂಗಳುಗಟ್ಟಲೆ ಮಲಗಿದಾಗಲೂ ಯಾರ ಮುಂದೆಯೂ ಕೈಚಾಚಿದವನಲ್ಲ.

ಹೀಗಿರುವಾಗ ಒಂದು ದಿನ ಆಸ್ಪತ್ರೆಯ ಕಿಟಕಿಯಲ್ಲಿ, "ಮಗ ದೊಡ್ಡವನಾದ, ಇನ್ನು ನಿಮ್ಮ ಕಾರ್ಡು ಅವನಿಗೆ ನಡೆಯಲ್ಲ" ಎಂದುಬಿಟ್ಟರು. ಮಗನೋ, ಬೈಕು ಹತ್ತಿದರೆ ಗಾಳಿ! ಆಗಲೇ ಒಮ್ಮೆ ಬಿದ್ದು ಕಾಲಿಗೆ ರಾಡು ಹಾಕಿಸಿಕೊಂಡಿದ್ದ. ಅವತ್ತು ಕಾರ್ಡು ಇಲ್ಲದಿದ್ದರೆ ಮನೆ ಮಾರಬೇಕಿತ್ತು.

ಮಾರನೆಯ ಬೆಳಿಗ್ಗೆ ಮಾವ ಜಗುಲಿಯಲ್ಲಿ ಮಂಕಾಗಿ ಕೂತಿದ್ದರು. "ಕನಸ್ನಲ್ಲಿ ಮಗ ಫೋಟೋದಿಂದ ಎದ್ದು ಒಂಟೋದ ಕಣ್ಲಾ. ಅವ್ನು ಕೂತಿದ್ದ ಜಾಗ್ದಲ್ಲಿ ಬರೀ ಗ್ವಾಡೆ."

ಚಾಮರಾಜನಗರದಿಂದ ಇನ್ಶೂರೆನ್ಸ್ ಏಜೆಂಟರೊಬ್ಬರು ಮೊಪೆಡ್ಡಿನಲ್ಲಿ ಬಂದರು.

"ವರ್ಷ ವರ್ಷ ದುಡ್ ಕಟ್ತೀನಿ. ಮಗ ಚೆನ್ನಾಗೇ ಇದ್ರೆ?" ಎಂದರು ಮಾವ.

"ಆಗ ದುಡ್ಡು ವಾಪಸ್ ಬರಲ್ಲ ಯಜಮಾನ್ರೇ."

"ಅಂಗಾರೆ ನಾನು ದೇವ್ರತ್ರ ಏನಂತ ಕೇಳ್ಕಳ್ಳಿ ಸ್ವಾಮಿ?"

ಏಜೆಂಟರು ಟೀ ಕುಡಿದು ಎದ್ದು ಹೋದರು.

ಆಮೇಲೆ ಯಾರೋ ಹೇಳಿದರಂತೆ: ಹಾಲಿನ ಡೇರಿಗೆ ಹಾಲು ಹಾಕಿ ಸದಸ್ಯನಾದವನಿಗೆ ಸಹಕಾರ ಸಂಘದಿಂದ ಆರೋಗ್ಯ ಕಾರ್ಡು ಸಿಗುತ್ತದೆ ಎಂದು. ಅಷ್ಟೇ! ಸಂತೆಯಿಂದ ಮಾವ ಒಂದು ಹಸುವಿನ ಜೊತೆ ಬಂದರು. ಹಸು ಮುಂದೆ, ಹಗ್ಗ ಎಷ್ಟುದ್ದವೋ ಅಷ್ಟು ಹಿಂದೆ ಮಾವ! ಹಸು ಎಂದರೆ ಅವರಿಗೆ ಅಷ್ಟು ಭಯ.

ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತರು. "ಜನ ಕಾಯ್ಲೆಗೆ ಮಾತ್ರೆ ತತ್ತಾರೆ, ನೀವು ಅಸ ತಂದ್ರಾ?"

ಹಸುವಿಗೂ ವಿಮೆ ಮಾಡಿಸಬೇಕಿತ್ತು. ದನದ ಡಾಕ್ಟರು ಬಂದು ಕಿವಿಗೆ ನಂಬರಿನ ಬಿಲ್ಲೆ ಚುಚ್ಚಿದರು. ಮುಗಿಯಿತು! ಮಗ ಬಾಯಿ ಬಿಟ್ಟುಕೊಂಡು ನೋಡಿದ.

"ಅಪ್ಪಾ, ನಂಗಿಂತ ಮೊದ್ಲು ಇವ್ಳಿಗೇ ಆಗೋಯ್ತಲ್ಲ!"

"ನೀನೂ ದಿನಾ ಆರು ಲೀಟ್ರು ಕೊಡ್ಲಾ, ನಿಂಗೂ ಓಲೆ ಚುಚ್ಚುಸ್ತೀನಿ."

ಮಗನನ್ನು ಡೇರಿಯ ಸದಸ್ಯನಾಗಿಸುವ ಅರ್ಜಿಗೆ ಫೋಟೋ ತೆಗೆಸಲು ಹೋದಾಗ ಮಾವ ನನ್ನನ್ನೂ ಸ್ಟುಡಿಯೋಗೆ ಎಳೆದೊಯ್ದರು. "ಇಬ್ರುದೂ ಒಟ್ಗೆ ತೆಗುಸುದ್ರೆ ಅಗ್ಗ" ಅಂತೆ! ಮನೆಗೆ ಬಂದ ಮೇಲೆ, "ಇಲ್ಲೊಂದು ಸಾಕ್ಷಿ ಸೈನು ಹಾಕ್ಲಾ" ಎಂದರು. ಕಲಿತದ್ದು ಕಡಿಮೆಯಾದರೂ ನನ್ನ ಸೈನು ದೊಡ್ಡದು. ಓದುವ ಗೋಜಿಗೆ ಹೋಗದೆ ಎಳೆದೇ ಎಳೆದೆ.

ಅಂದಿನಿಂದ ಮುಂಜಾನೆಯ ಮಂಜಿನೊಳಗೆ ಡೇರಿಯ ಕಡೆಗೆ ಒಂದು ಹಾಲಿನ ಕ್ಯಾನು ತೇಲಿಹೋಗುತ್ತಿತ್ತು. ಹತ್ತಿರ ಹೋದರೆ ಮಾತ್ರ ಅದರ ಹಿಂದೆ ಮಾವ ಕಾಣುತ್ತಿದ್ದರು. ಸಂಜೆಯೂ ಅಷ್ಟೇ, ಒಂದು ತೊಟ್ಟು ಮನೆಗಿಲ್ಲ. ಹಸುವಿದ್ದ ಮನೆಯಲ್ಲಿ ಹಾಲಿಲ್ಲದ ಟೀ!

"ಇದೇನ್ ಮಾವ, ಲಾರಿ ಡ್ರೈವರ್‌ಗಳ ಕಟ್ಟನ್ ಚಾಯನ ಮನೇಲೂ ಕುಡೀಬೇಕಾ? ಬೆಳಗಿನ್ ಹಾಲು ಸಾಲ್ದಾ ಡೇರಿಗೆ?" ಎಂದು ನಾನು ಗುಂಡ್ಲುಪೇಟೆಯಿಂದ ಬಂದಾಗಲೆಲ್ಲ ಗೊಣಗುತ್ತಿದ್ದೆ.

"ಸಂಜೆ ಹಾಲ್ಗೆ ಬೇರೆ ಕೆಲ್ಸ ಅದೆ" ಎಂದು ಮಾವ ಕಣ್ಣು ಮುಚ್ಚುತ್ತಿದ್ದರು.

ಒಮ್ಮೆ ಮಾವನಿಗೆ ನಿಜವಾದ ಜ್ವರವೇ ಬಂತು. ಸಂಜೆ ಕ್ಯಾನು ಹಿಡಿದು ನಾನೇ ಡೇರಿಗೆ ಹೋದೆ. ಮಾವನ ಮಗನ ಹೆಸರು ಹೇಳಿದೆ.

ಹಾಲು ಅಳೆಯುವವನು ನಕ್ಕ. "ಅವ್ನದು ಬೆಳಗಿನ್ ಹಾಲು ಕಣಣ್ಣ. ಸಂಜೇದು ಮೊದ್ಲಿಂದ್ಲೂ ನಿನ್ನೆಸ್ರಲ್ಲೇ. ಈ ಸಲ ಅವ್ನ್ ಜೊತೆ ನಿಂಗೂ ಕಾರ್ಡ್ ಬತ್ತದೆ. ನಿನ್ ಮಾವ ಯೋಳಿಲ್ವಾ?"

ಬರುವಾಗ ದಾರಿಯುದ್ದಕ್ಕೂ ಖಾಲಿ ಕ್ಯಾನು ಈರುಳ್ಳಿ ಮೂಟೆಗಿಂತ ಭಾರವಾಗಿತ್ತು. ಮನೆಗೆ ಬಂದವನೇ ಮಾವನ ಮುಂದೆ ನಿಂತು ರೇಗಿದೆ. "ನಾನೇನು ಕೇಳಿದ್ನಾ ಮಾವ?"

ಮಾವ ಕಂಬಳಿಯೊಳಗಿಂದ ಕಣ್ಣು ತೆರೆಯದೆಯೇ ಹೇಳಿದರು.

"ಅವತ್ ಕನಸ್ನಲ್ಲಿ ಗ್ವಾಡೆ ಕಂಡ್ತು ಅಂದ್ನಲ್ಲ, ಅದ್ರ ಇಂದ್ಗಡೆ ನೀನ್ ನಿಂತಿದ್ದೆ ಕಣ್ಲಾ. ಬೆನ್ ಇಡ್ಕಂಡು. ಯಾರ್ ಫೋಟೋದಲ್ಲೂ ಇರ್ನಿಲ್ಲ ನೀನು."

ಅತ್ತೆ ಟೀ ತಂದು ಕೈಗಿತ್ತರು. ಕಪ್ಪಗಿತ್ತು. ಅಂದಿನಿಂದ ಆ ಮನೆಯ ಟೀ ಬಗ್ಗೆ ನಾನು ಒಂದು ಮಾತೂ ಆಡಿಲ್ಲ.